ಇರುಳಿನ ಸಾಕ್ಷಿ
(ಬಾನುಲಿ ಭಾಷಣ)



ನಮ್ಮ ಹಳೆಯ ಕಾವ್ಯಗಳಲ್ಲಿ ಅರಸನು ಅಡವಿಗೆ ಹೋದನೆಂದರೆ ಬಹುಮಟ್ಟಿಗೆ ಬೇಟೆಗೇ. ರಾಘವಾಂಕನ ಹರಿಶ್ಚಂದ್ರನೂ ಬೇಟೆಗೆ ಹೊರಟು ವಿಶ್ವಾಮಿತ್ರನ ಆಶ್ರಮವನ್ನು ಸೇರಿ ಕಷ್ಟಪರಂಪರೆಗೆ ಗುರಿಯಾದವನು. ಮೃಗವನ್ನು ಕೊಲ್ಲದೆ, ಬೆದರಿಸದೆ, ಅದರ ಪಾಡಿಗೆ ಅದನ್ನು ಬಿಟ್ಟು ನೋಡಬೇಕೆಂಬ ಬಯಕೆ ಈಚೆಗೆ ಬಲಿತದ್ದು. ಆ ಬಯಕೆಗೆ ಒದಗಿಬಂದಿರುವ ಒಂದು ಸಣ್ಣ ಯಂತ್ರವನ್ನು ಮಿತವಾದ ವೆಚ್ಚದಲ್ಲಿ ಆರಿಸಿಕೊಳ್ಳುವ ಬಗೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಇದರ ಹೆಸರು ಟ್ರೇಲ್ ಕ್ಯಾಮೆರಾ. ಮರಕ್ಕೋ ಗೂಟಕ್ಕೋ ಕಟ್ಟಿಬಂದರೆ ಎದುರಿಗೆ ಹಾದುಹೋದ ಪ್ರಾಣಿಯ ಚಿತ್ರವನ್ನು ಅದು ತಾನೇ ತೆಗೆಯುತ್ತದೆ. 1920ರ ದಶಕದಲ್ಲಿ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಉತ್ತರ ಭಾರತದ ಕಾಡಿನಲ್ಲಿ ದಾರಿಗೆ ಅಡ್ಡವಾಗಿ ತಂತಿ ಹೂಡಿ, ಹುಲಿಯಿಂದಲೇ ಹುಲಿಯ ಚಿತ್ರವನ್ನು ತೆಗೆಯಿಸಿದರು. ನಮ್ಮಲ್ಲಿ ಶಿವರಾಮ ಕಾರಂತರ ಪುತ್ರರಾದ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಇಂಥ ಕ್ಯಾಮೆರಾಗಳನ್ನಿರಿಸಿ, ಮೈಪಟ್ಟೆಗಳ ಭೇದದಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಅವುಗಳ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮವನ್ನು ನೆಲೆಗೊಳಿಸಿದರು.

ನಮ್ಮ ಗುತ್ತಲದ ಸೀಮೆ ಹುಲಿಯದಲ್ಲ. ಹಿಂದೆ ಗುತ್ತರಸರು ಆಳಿದ ಈ ಬಯಲುನಾಡಿಗೆ ಅನತಿದೂರದಲ್ಲಿ, 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರ್ ವಿಸ್ತಾರದ ರಾಣಿಬೆನ್ನೂರು ಕೃಷ್ಣಮೃಗ ಅಭಯಾರಣ್ಯವಿದೆ. ಆದರೆ ನಾವು ಚಿಗರಿ ಎಂದು ಕರೆಯುವ ಆ ಕೃಷ್ಣಮೃಗವು ಹಗಲಿನಲ್ಲೇ ಮೇಯುವ ಪ್ರಾಣಿ. ಅದನ್ನು ನೋಡಲು ಯಂತ್ರ ಬೇಡ. ಬದುವಿನ ಮೇಲೆ ಅಲುಗದೆ ಕೂಡುವ ತಾಳ್ಮೆ ಸಾಕು. ಯಂತ್ರ ಬೇಕಾಗುವುದು ನರಿ, ತೋಳ, ಕತ್ತೆಕಿರುಬ, ಮುಳ್ಳುಹಂದಿ ಮೊದಲಾದ ಇರುಳಿನ ಸಂಚಾರಿಗಳಿಗೆ. ಆದ್ದರಿಂದ ಕೊಳ್ಳುವವನು ಮೊದಲು ಕೇಳಬೇಕಾದ ಪ್ರಶ್ನೆ ಇದು: ಕತ್ತಲೆಯಲ್ಲಿ ಇದು ಹೇಗೆ ನಡೆದುಕೊಳ್ಳುತ್ತದೆ?

ನಾನು ಆ ಪ್ರಶ್ನೆಯನ್ನು ಕೇಳಲಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾದೆ. ಅಗ್ಗದ ಯಂತ್ರಗಳಲ್ಲಿ ಆ ಸಂಖ್ಯೆ ಅನೇಕ ವೇಳೆ ಉಬ್ಬಿಸಿದ್ದು, ಅಂದರೆ ಸಣ್ಣ ಚಿತ್ರವನ್ನೇ ಲೆಕ್ಕಾಚಾರದಿಂದ ಹಿಗ್ಗಿಸಿದ್ದು. ಹದಿನೈದು ದಿನಗಳ ಮೇಲೆ ನೋಡಿದರೆ ದೊರೆತದ್ದು ಗಾಳಿಗೆ ತೂಗುವ ಹುಲ್ಲಿನ ನೂರಾರು ಚಿತ್ರಗಳು. ಜೊತೆಗೆ ಚೌಕಟ್ಟಿನಿಂದ ಆಚೆಗೆ ಸರಿಯುತ್ತಿದ್ದ ಒಂದು ಬಾಲ!

ಆ ಬಾಲ ನನಗೆ ಪಾಠ ಕಲಿಸಿತು. ಪ್ರಾಣಿ ಎದುರಿಗೆ ಬಂದುದಕ್ಕೂ ಚಿತ್ರ ಮೂಡುವುದಕ್ಕೂ ನಡುವಣ ವಿಳಂಬ ಅರ್ಧ ಸೆಕೆಂಡಿಗಿಂತ ಕಡಿಮೆಯಿರಬೇಕು. ಎರಡನೆಯದು ಬೆಳಕು. ರಾತ್ರಿಯಲ್ಲಿ ಈ ಯಂತ್ರಗಳು ಅವಕೆಂಪು ಕಿರಣವನ್ನು ಬೀರುತ್ತವೆ. 850 ನ್ಯಾನೊಮೀಟರಿನ ದೀಪ ದೂರಕ್ಕೆ ನಿಲುಕುತ್ತದೆ, ಆದರೆ ಕೆಂಡದ ಚುಕ್ಕಿಯಂತೆ ಮಸುಕಾಗಿ ಕಾಣಿಸುತ್ತದೆ. 940ರದು ನಮ್ಮ ಕಣ್ಣಿಗೆ ಕಾಣದು, ಅದರ ನಿಲುಕೂ ಕಡಿಮೆ. ಮೂರನೆಯದು ವಿದ್ಯುತ್ಕೋಶ. ರಾತ್ರಿಯ ದೀಪವೂ ಚಲಚ್ಚಿತ್ರವೂ ಅದನ್ನು ಬೇಗ ಬರಿದುಮಾಡುತ್ತವೆ. ಸ್ಥಿರಚಿತ್ರಗಳೇ ಸಾಕೆಂದುಕೊಂಡವನಿಗೆ ಖರ್ಚು ಹಗುರ. ಕಡೆಯದು ನಮ್ಮ ಬಿಸಿಲು. ಯಂತ್ರವು ಗ್ರಹಿಸುವುದು ಸುತ್ತಣ ಬಿಸಿಗೂ ಪ್ರಾಣಿಯ ಮೈಬಿಸಿಗೂ ಇರುವ ಅಂತರದ ಚಲನೆಯನ್ನು. ಏಪ್ರಿಲ್‌ನ ಮಧ್ಯಾಹ್ನ ನೆಲವೂ ಪ್ರಾಣಿಯೂ ಒಂದೇ ಬಿಸಿಯಾದಾಗ ಅದು ಕುರುಡಾದೀತು. ಎದುರಿನ ಹುಲ್ಲನ್ನು ಸವರಿ, ಮೊಣಕಾಲಿನ ಎತ್ತರದಲ್ಲಿ, ಉತ್ತರಕ್ಕೆ ಮುಖಮಾಡಿ ಕಟ್ಟಿದರೆ ವ್ಯರ್ಥಚಿತ್ರಗಳು ಕಡಿಮೆಯಾಗುತ್ತವೆ.

ಇಷ್ಟನ್ನೂ ತಿಳಿದು, ಕಳ್ಳರ ಭಯದಿಂದ 940ರ ದೀಪದ್ದನ್ನೇ ಆರಿಸಿ, ಆರು ಸಾವಿರ ರೂಪಾಯಿ ತೆತ್ತು ಎರಡನೆಯದನ್ನು ತಂದೆ. ಗೋವಿನಜೋಳದ ಹೊಲದ ಬದುವಿನಲ್ಲಿದ್ದ ಜಾಲಿಯ ಮರಕ್ಕೆ ಕಟ್ಟಿದೆ. ಮೂರನೆಯ ರಾತ್ರಿಯೇ ನರಿಯೊಂದು ನಿಂತು, ತಿರುಗಿ ನೋಡಿತ್ತು. ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಅದರ ಮುಂದಿನ ಚಿತ್ರದಲ್ಲಿ, ನಸುಕಿನ ಐದು ಗಂಟೆಗೆ, ಕೈಯಲ್ಲಿ ತಂಬಿಗೆ ಹಿಡಿದ ಒಬ್ಬ ಹೆಣ್ಣುಮಗಳು ಬದುವನ್ನು ದಾಟುತ್ತಿದ್ದಳು.

ಕಳ್ಳನ ಕಣ್ಣಿಗೆ ಬೀಳದಿರಲೆಂದು ಆರಿಸಿದ ಬೆಳಕು ಆಕೆಯ ಕಣ್ಣಿಗೂ ಬಿದ್ದಿರಲಿಲ್ಲ. ಚಿತ್ರವನ್ನು ಆಗಲೇ ಅಳಿಸಿಹಾಕಿದೆ. ಆದರೂ ಮನಸ್ಸು ತಿಳಿಯಾಗದೆ, ನಮ್ಮ ಹೊಲದ ಕೆಲಸಕ್ಕೆ ಬರುವ ಹಿರಿಯ ಹೆಂಗಸೊಬ್ಬರಿಗೆ ನಡೆದುದನ್ನು ಹೇಳಿದೆ. ಅವರು ಸಿಟ್ಟಾಗಲಿಲ್ಲ, ಕೇಳಿದ್ದು ಒಂದೇ ಮಾತು:

“ಮಾಸ್ತರ್ರ, ಆ ಡಬ್ಬಿಗೆ ನರಿ ಯಾವುದು, ನಾವು ಯಾರು ಅಂತ ಗೊತ್ತಾಕ್ಕೈತೇನ್ರಿ?”

ಗೊತ್ತಾಗುವುದಿಲ್ಲ. ಅದು ಬಲ್ಲದ್ದು ಬಿಸಿ ಮತ್ತು ಚಲನೆ, ಎರಡನ್ನೇ. ಉಳಿದ ವಿವೇಕವನ್ನು ಇಂಥ ಅಗ್ಗದ ಯಂತ್ರದಲ್ಲಿ ಕೂಡಿಸಿ ಮಾರುವುದಿಲ್ಲ.

ಅಂದೇ ಅದನ್ನು ಬಿಚ್ಚಿ, ಜನರು ತಿರುಗಾಡದ ಹಳ್ಳದ ಬದಿಗೆ ಒಯ್ದೆ. ಎಲ್ಲಿ ಕಟ್ಟಿದ್ದೇನೆಂದು ಅಕ್ಕಪಕ್ಕದ ಹೊಲದವರಿಗೆಲ್ಲ ತಿಳಿಸಿದೆ. ಕೊಳ್ಳುವವರಿಗೆ ನನ್ನ ಅರಿಕೆಯೂ ಇಷ್ಟೇ. ನಿಮ್ಮ ಸ್ವಂತ ನೆಲದಲ್ಲಿಯೇ ಇಡಿರಿ; ಅಭಯಾರಣ್ಯದಲ್ಲಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ತೋಳದ ಗವಿ ಕಂಡರೆ ಆ ಜಾಗವನ್ನು ಊರಿಗೆಲ್ಲ ಸಾರಬೇಡಿರಿ. ಯಂತ್ರವನ್ನು ಕಟ್ಟುವ ಮುನ್ನ ಆ ದಾರಿಯಲ್ಲಿ ನಡೆಯುವವರು ಯಾರೆಂದು ಒಂದು ಮುಂಜಾನೆ ನೀವೇ ಹೋಗಿ ವಿಚಾರಿಸಿರಿ.

ಹಳ್ಳದ ಬದಿಯಲ್ಲಿ ಆ ನರಿ ಇನ್ನೂ ಕಾಣಿಸಿಕೊಂಡಿಲ್ಲ. ಕಾದಿದ್ದೇನೆ.