ಸಾಹಿತ್ಯದ ಲೆಕ್ಕಪತ್ರಗಳು

ಹಿರೇಕೆರೂರು ತಾಲ್ಲೂಕಿನ ಹಂಸಭಾವಿಯನ್ನು ಸುತ್ತಲಿನ ಜನ ಮೃತ್ಯುಂಜಯ ವಿದ್ಯಾಪೀಠದ ಊರೆಂದು ಬಲ್ಲರು. ವಿದ್ಯೆ ನೆಲೆಸಿದ ಊರಿಗೆ ಪುಸ್ತಕವೂ ಬಂದೇ ಬರುತ್ತದೆ. ಆದರೆ ಅದು ಹೇಗೆ ಬಂದಿತು? ಬರೆದವರ ಕೈಯಿಂದ ಓದುವವರ ಕೈಗೆ ಅದನ್ನು ಮುಟ್ಟಿಸಿದವರು ಯಾರು? ಓದುಗ ಕೊಟ್ಟ ರೂಪಾಯಿಯಲ್ಲಿ ಮುದ್ರಕನಿಗೆ ಸಂದದ್ದೆಷ್ಟು, ಲೇಖಕನ ಮನೆಗೆ ಹೋದದ್ದೆಷ್ಟು? ನಮ್ಮ ಸಾಹಿತ್ಯ ಚರಿತ್ರೆಗಳು ಈ ಪ್ರಶ್ನೆಗಳನ್ನು ಕೇಳುವುದು ವಿರಳ. ಇವಕ್ಕೆ ಉತ್ತರ ಕಾವ್ಯದಲ್ಲಿಲ್ಲ, ವಿಮರ್ಶೆಯಲ್ಲಿಲ್ಲ; ಅದು ಇರುವುದು ಖಾತೆ ಕಿರ್ದಿಗಳಲ್ಲಿ, ಕರಾರು ಪತ್ರಗಳಲ್ಲಿ, ಅಂಚೆಯ ರಸೀದಿಗಳಲ್ಲಿ.

ಹಂಸಭಾವಿಯಿರುವ ಈ ಹಾವೇರಿ ಸೀಮೆಯವರೇ ಆದ ಗಳಗನಾಥರನ್ನು ಇಲ್ಲಿ ನೆನೆಯಬೇಕು. ವರದಾ–ತುಂಗಭದ್ರೆಯರ ಸಂಗಮದ ಗಳಗನಾಥದಲ್ಲಿ ೧೮೬೯ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡರು. ಶಾಲಾಶಿಕ್ಷಕರಾಗಿದ್ದವರು ಕಾದಂಬರಿಕಾರರಾದರು, ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯನ್ನು ಬೆಳೆಸಿದರು, ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬರೆಯುವವರೂ ಅವರೇ, ಮಾರುವವರೂ ಅವರೇ. ಈ ಸಂಗತಿಯನ್ನು ನಾವು ತ್ಯಾಗದ ಕಥೆಯಾಗಿ ಹೇಳುತ್ತ ಬಂದಿದ್ದೇವೆ. ಅದು ತ್ಯಾಗವೇ ಸರಿ. ಆದರೆ ಅದೇ ವೇಳೆಗೆ ಅದೊಂದು ವ್ಯವಹಾರವೂ ಆಗಿತ್ತು. ಒಂದು ಊರಿನಲ್ಲಿ ಎಷ್ಟು ಪ್ರತಿಗಳು ಹೋದವು, ಉದ್ದರಿ ಎಷ್ಟು ಉಳಿಯಿತು, ಮುದ್ರಣದ ಸಾಲ ಎಂದು ತೀರಿತು ಎಂಬುದು ತಿಳಿದರೆ ಆ ತ್ಯಾಗದ ತೂಕವೂ ನಮಗೆ ತಿಳಿಯುತ್ತದೆ. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಅವರು ಕನ್ನಡಕ್ಕೆ ತಂದರು. ಅನುಮತಿ, ಸಂಭಾವನೆಗಳ ವಿಚಾರವನ್ನು ಪುಸ್ತಕದ ಮುಖಪುಟ ಹೇಳಲಾರದು. ಹೇಳಬಲ್ಲದ್ದು ಕಾಗದಪತ್ರ ಮಾತ್ರ.

ಪಶ್ಚಿಮ ದೇಶಗಳಲ್ಲಿ ಈ ವ್ಯವಹಾರವನ್ನು ಲೇಖಕನ ಪರವಾಗಿ ನಡೆಸುವ ಪ್ರತ್ಯೇಕ ವೃತ್ತಿಯೇ ಬೆಳೆಯಿತು. ಲಂಡನ್ನಿನ ಎ. ಪಿ. ವಾಟ್ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದಕ್ಕೆ ನೆಲೆ ಒದಗಿಸಿದರು. ಪ್ರಕಾಶಕರೊಡನೆ ಮಾತುಕತೆ, ಕರಾರು, ಹಣದ ವಸೂಲಿ ಎಲ್ಲವೂ ಪ್ರತಿನಿಧಿಯದು. ಬಂದ ಹಣದಲ್ಲಿ ಶೇಕಡಾ ೧೦ ಅವರ ದಲ್ಲಾಳಿ. ಆ ಸಂಸ್ಥೆಯ ಕಡತಗಳು ಇಂದು ಅಮೆರಿಕೆಯ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿವೆ. ಕರ್ಟಿಸ್ ಬ್ರೌನ್ ಸಂಸ್ಥೆಯವು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿವೆ. ಡೇವಿಡ್ ಹೈಯಮ್ ಸಂಸ್ಥೆಯವು ಟೆಕ್ಸಾಸಿನ ಆಸ್ಟಿನ್ ನಗರದ ಹ್ಯಾರಿ ರ‍್ಯಾನ್ಸಮ್ ಕೇಂದ್ರವನ್ನು ಸೇರಿವೆ.

ಈ ಕೊನೆಯ ಹೆಸರಿಗೂ ನಮ್ಮ ಮೈಸೂರಿಗೂ ನಂಟುಂಟು. ಆರ್. ಕೆ. ನಾರಾಯಣ್ ಅವರ ಸಾಹಿತ್ಯ ಪ್ರತಿನಿಧಿ ಡೇವಿಡ್ ಹೈಯಮ್. ನಾರಾಯಣರ ಮೊದಲ ಕಾದಂಬರಿ ಗ್ರಹಾಂ ಗ್ರೀನರ ಶಿಫಾರಸಿನಿಂದ ೧೯೩೫ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಮಾರಾಟ ಮಾತ್ರ ಆಗಲಿಲ್ಲ. ೧೯೪೫ರವರೆಗಿನ ಹತ್ತು ವರ್ಷಗಳಲ್ಲಿ ಅವರ ನಾಲ್ಕು ಕಾದಂಬರಿಗಳು ನಾಲ್ಕು ಬೇರೆ ಬೇರೆ ಪ್ರಕಾಶಕರಿಂದ ಪ್ರಕಟವಾದವು. ಓದುಗನಿಗೆ ಮಾಲ್ಗುಡಿ ಒಂದೇ ಊರು. ಅದನ್ನು ಕಟ್ಟಿದವರಿಗೋ ಪ್ರತಿ ಬಾರಿಯೂ ಹೊಸ ಬಾಗಿಲು ತಟ್ಟುವ ಪಾಡು. ೧೯೪೦ರ ದಶಕದಲ್ಲಿ ಅವರು ಮೈಸೂರಿನಲ್ಲಿ ‘ಇಂಡಿಯನ್ ಥಾಟ್’ ಎಂಬ ತಮ್ಮದೇ ಪ್ರಕಾಶನವನ್ನು ಆರಂಭಿಸಿದ್ದರ ಹಿನ್ನೆಲೆಯನ್ನು ಅರಿಯಬೇಕಾದರೆ ಇಂಥ ಕಡತಗಳನ್ನು ನೋಡದೆ ಗತಿಯಿಲ್ಲ. ಮೈಸೂರಿನ ಲೇಖಕರ ಜೀವನಚರಿತ್ರೆ ಬರೆಯುವವರು ಟೆಕ್ಸಾಸಿಗೆ ಹೋಗಬೇಕು ಎಂಬುದರಲ್ಲಿ ಹೆಮ್ಮೆಯೂ ಉಂಟು, ನಾಚಿಕೆಯೂ ಉಂಟು.

ಕನ್ನಡದಲ್ಲಿ ಸಾಹಿತ್ಯ ಪ್ರತಿನಿಧಿಯ ವೃತ್ತಿ ಬೇರೂರಲಿಲ್ಲ. ಆ ಕೆಲಸವನ್ನು ಇಲ್ಲಿ ಗೆಳೆತನ ಮಾಡಿತು, ಪ್ರಕಾಶಕ ಮಾಡಿದ. ಧಾರವಾಡದಲ್ಲಿ ೧೯೩೩ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯನ್ನೇ ನೋಡಿ. ಜಿ. ಬಿ. ಜೋಶಿಯವರು ಚಂದಾದಾರರನ್ನು ಕೂಡಿಸಿಕೊಂಡು ಮಾಲೆಯನ್ನು ನಡೆಸಿದರು. ಅವರ ಅಟ್ಟದ ಮೇಲೆ ಹಸ್ತಪ್ರತಿಗಳ ಓದು, ಚರ್ಚೆ, ಜಗಳ ಎಲ್ಲವೂ ನಡೆದವು. ಗಿರೀಶ ಕಾರ್ನಾಡರ ‘ಯಯಾತಿ’ ೧೯೬೧ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಇಂಥ ಮಾಲೆಯ ಚಂದಾದಾರರ ಪಟ್ಟಿಯೆಂದರೆ ಬರಿಯ ವಿಳಾಸಗಳಲ್ಲ; ಅದು ಒಂದು ನಾಡಿನ ಓದಿನ ನಕಾಶೆ. ಯಾವ ಹಳ್ಳಿಯ ಮಾಸ್ತರರು, ಯಾವ ಪೇಟೆಯ ವಕೀಲರು ಮುಂಗಡ ಹಣ ಕಳಿಸಿ ಹೊಸ ಸಾಹಿತ್ಯಕ್ಕೆ ಕಾದಿದ್ದರೆಂಬುದನ್ನು ಇಂಥ ಪಟ್ಟಿಯಷ್ಟು ಸ್ಪಷ್ಟವಾಗಿ ಬೇರಾವುದೂ ಹೇಳದು.

ಇದು ಸಂಶೋಧಕರ ಕುತೂಹಲ ಮಾತ್ರವೇ ಎಂದು ಕೆಲವರು ಕೇಳಬಹುದು. ಅಲ್ಲ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಅದಕ್ಕೆ ಸಹಿ ಇರಬೇಕು. ೧೯೯೪ರ ತಿದ್ದುಪಡಿಯಂತೆ, ಕರಾರಿನಲ್ಲಿ ಅವಧಿಯನ್ನು ಹೇಳಿರದಿದ್ದರೆ ಅದು ಐದೇ ವರ್ಷಕ್ಕೆಂದು ಎಣಿಕೆ. ಲೇಖಕರ ಹಕ್ಕಾದರೋ ಅವರ ಕಾಲಾನಂತರ ೬೦ ವರ್ಷ ಬಾಳುತ್ತದೆ. ಗಳಗನಾಥರು ೧೯೪೨ರಲ್ಲಿ ತೀರಿಕೊಂಡರು. ೨೦೦೩ರಿಂದ ಅವರ ಕೃತಿಗಳು ಸರ್ವರ ಸೊತ್ತು. ಆದರೆ ಅವರ ನಂತರದ ತಲೆಮಾರಿನ ಅನೇಕರ ಕೃತಿಗಳು ಹಾಗಲ್ಲ. ನಮ್ಮಲ್ಲಿ ಬಾಯಿಮಾತಿನ ಒಪ್ಪಂದಗಳೇ ಹೆಚ್ಚು. ಲೇಖಕರೂ ಇಲ್ಲ, ಪ್ರಕಾಶಕರೂ ಇಲ್ಲ, ಕಾಗದವೂ ಇಲ್ಲವೆಂದಾಗ ಮರುಮುದ್ರಣಕ್ಕೆ ಯಾರನ್ನು ಕೇಳಬೇಕು? ಕೇಳಲು ಯಾರೂ ಸಿಗದೆ ಒಳ್ಳೆಯ ಪುಸ್ತಕ ಸುಮ್ಮನೆ ಮರೆಯಾಗುತ್ತದೆ. ಬಡತನದಲ್ಲಿರುವ ವಾರಸುದಾರರಿಗೆ ನ್ಯಾಯವಾಗಿ ಬರಬೇಕಾದ ಹಣವೂ ಬರುವುದಿಲ್ಲ. ಒಂದು ಹಾಳೆಯ ಕರಾರು ಉಳಿದಿದ್ದರೆ ಎರಡೂ ಉಳಿಯುತ್ತಿದ್ದವು.

ಹಾಗೆಂದು ಎಲ್ಲ ಕಾಗದವನ್ನೂ ಎಲ್ಲರೆದುರು ಹರಡಬೇಕೆಂದು ನಾನು ಹೇಳಲಾರೆ. ಲೇಖಕ ಪ್ರಕಾಶಕನಿಗೆ ಬರೆದ ಓಲೆಯಲ್ಲಿ ಮಗಳ ಮದುವೆಯ ಸಾಲವಿದ್ದೀತು, ಇನ್ನೊಬ್ಬ ಲೇಖಕನ ಮೇಲಿನ ಅಸೂಯೆಯಿದ್ದೀತು. ಬದುಕಿರುವವರ ಮನಸ್ಸು ನೋಯದಂತೆ ಅಂಥ ಪತ್ರಗಳನ್ನು ಕೆಲವು ವರ್ಷ ಮುಚ್ಚಿಡುವುದು ಉಚಿತ. ಮುಚ್ಚಿಡುವುದು ಬೇರೆ, ರದ್ದಿಗೆ ಹಾಕುವುದು ಬೇರೆ. ಮುಚ್ಚಿಟ್ಟದ್ದನ್ನು ಮೊಮ್ಮಕ್ಕಳು ತೆರೆಯಬಹುದು. ರದ್ದಿಗೆ ಹೋದದ್ದು ಪೊಟ್ಟಣವಾಗಿ ಕರಗಿಹೋಗುತ್ತದೆ.

ಧಾರವಾಡದಲ್ಲಿ ೧೮೯೦ರಿಂದ ಕರ್ನಾಟಕ ವಿದ್ಯಾವರ್ಧಕ ಸಂಘವಿದೆ, ವಿಶ್ವವಿದ್ಯಾಲಯವಿದೆ. ಹಸ್ತಪ್ರತಿ, ತಾಳೆಗರಿಗಳಿಗೆ ತೋರಿದ ಗೌರವವನ್ನು ನಾವು ಖಾತೆ ಪುಸ್ತಕಕ್ಕೂ ತೋರಬೇಕಾಗಿದೆ. ಕೆಲಸ ದೊಡ್ಡವರಿಂದಲೇ ಆರಂಭವಾಗಬೇಕೆಂದಿಲ್ಲ. ಹಂಸಭಾವಿಯಂಥ ಊರಿನ ವಿದ್ಯಾರ್ಥಿಗಳು ರಜೆಯಲ್ಲಿ ಸುತ್ತಲ ಹಳ್ಳಿಗಳ ಹಳೆಯ ಮನೆಗಳನ್ನೂ ವಾಚನಾಲಯಗಳನ್ನೂ ನೋಡಿಬರಲಿ. ಪುಸ್ತಕದ ನಡುವೆ ಸಿಕ್ಕಿದ ವಿ. ಪಿ. ರಸೀದಿ, ಚಂದಾ ಪಾವತಿ, ಪ್ರಕಾಶಕರ ಕಾರ್ಡು ಯಾವುದನ್ನೂ ಕಿತ್ತೆಸೆಯದೆ, ಯಾವ ಮನೆಯ ಯಾವ ಪುಸ್ತಕದಲ್ಲಿತ್ತೆಂದು ಬರೆದಿಡಲಿ. ಹೊರೆ ಹೊತ್ತು ತಿರುಗಿದ ಹಿರಿಯರ ಹೆಜ್ಜೆಗುರುತು ದಾರಿಯಲ್ಲಿ ಉಳಿದಿಲ್ಲ. ಅವರಿಂದ ಪುಸ್ತಕ ಕೊಂಡವರ ಮನೆಯಲ್ಲಿ ಒಂದು ಚೀಟಿಯಾದರೂ ಉಳಿದಿದ್ದೀತು. ಗೆದ್ದಲಿಗಿಂತ ಮೊದಲು ನಾವು ಅಲ್ಲಿಗೆ ತಲುಪಬೇಕು.