ಮೂರು ದಿನದ ಪ್ರದರ್ಶನದಾಗ ನಮ್ಮ ಜಾಗ ಯಾವುದು?

(ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳು)



ಚಿಕ್ಕಪಡಸಲಗಿ ಅಂದಕೂಡಲೆ ಈ ಸೀಮೆಯಲ್ಲಿ ಎಲ್ಲರ ಬಾಯಿಗೆ ಬರೋದು ಬ್ಯಾರೇಜು. ಸರಕಾರದ ದಾರಿ ಕಾಯದೆ ಕೃಷ್ಣಾ ತೀರದ ರೈತರು ತಾವೇ ರೊಕ್ಕ ಕೂಡಿಸಿ, ಮೈ ಮುರಿದು ದುಡಿದು 1989ರಲ್ಲಿ ಅದನ್ನು ಕಟ್ಟಿ ನಿಲ್ಲಿಸಿದರು. ಶ್ರಮಬಿಂದು ಸಾಗರ ಅಂತ ಹೆಸರಿಟ್ಟರು. ಮುಂದೆ ನಿಂತ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಆದರು. 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯಂಥವರನ್ನೇ ಬಾಗಲಕೋಟೆಯಲ್ಲಿ ಸೋಲಿಸಿದರು. 2018ರಲ್ಲಿ ತೀರಿಕೊಂಡರು. ಇದೇನು ಸಣ್ಣ ಸಂಗತಿ ಅಲ್ಲ. ಇದನ್ನು ಹೀಗಳೆಯಲಿಕ್ಕೆ ನಾವು ಇಲ್ಲಿ ನಿಂತಿಲ್ಲ.

ಆದರೆ ಒಂದು ಲೆಕ್ಕ ಹಾಕಿ ನೋಡ್ರಿ. ನಾಳೆ ಇಂಥ ಊರಿನಲ್ಲಿ ಊರ ಇತಿಹಾಸದ ಸಣ್ಣದೊಂದು ಸಂಗ್ರಹಾಲಯ ಆಯಿತು ಅನ್ನಿ. ಒಂದು ಕೋಣೆ, ನಾಲ್ಕು ಗೋಡೆ. ಮೊದಲನೆ ಗೋಡೆಗೆ ಬ್ಯಾರೇಜಿನ ಫೋಟೋ. ಬರಲಿ, ಬರಬೇಕು. ಎರಡನೆದಕ್ಕೆ ಜಮಖಂಡಿಯ ಪಟವರ್ಧನರು. ಮೂರನೆದಕ್ಕೆ ಮುಧೋಳದ ಘೋರ್ಪಡೆಯವರು, ಅವರ ಸಂಗಡ ಮುಧೋಳದ ನಾಯಿ. ನಾಲ್ಕನೆದಕ್ಕೆ ರನ್ನ ಕವಿ. ಗೋಡೆ ಮುಗಿದು ಹೋದವು. ನಾಯಿಗೆ ಸೈತ ಜಾಗ ಸಿಕ್ಕಿತು, ನಮ್ಮ ಕೇರಿಗೆ ಸಿಗಲಿಲ್ಲ.

ದೊಡ್ಡ ಮ್ಯೂಸಿಯಮ್ಮುಗಳ ಕಥೆಯೂ ಇದೇ. ವಿಜಾಪುರದ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಿಂದ ಒಂದು ಸಂಗ್ರಹಾಲಯ ಇದೆ. ಶಾಸನ, ಕತ್ತಿ, ಗಂಬಳಿ, ಪಿಂಗಾಣಿ ನೋಡಬಹುದು. ಕತ್ತಿಯ ಮುಂದೆ ನಿಂತಾಗ ಅದು ಯಾವ ಸುಲ್ತಾನನದು ಅಂತ ಕೇಳುತ್ತೇವೆ. ಅದರ ಒರೆಯ ತೊಗಲು ಹದ ಮಾಡಿದವ ಯಾರು ಅಂತ ಕೇಳುವುದಿಲ್ಲ. ಹಂಗ ಕೇಳಬೇಕು ಅಂತ ನಮಗೂ ಯಾರೂ ಕಲಿಸಿಲ್ಲ.

ಅದಕ್ಕೇ ಇವತ್ತು ತಾತ್ಕಾಲಿಕ ಪ್ರದರ್ಶನದ ಬಗ್ಗೆ ಮಾತಾಡೋಣ ಅಂತ ಬಂದೇವಿ. ಮೂರು ದಿನ, ಒಂದು ವಾರ, ಒಂದು ತಿಂಗಳು ಇಟ್ಟು ತೆಗೆಯುವಂಥದ್ದು. ಕಾಯಂ ಗೋಡೆಗೆ ಕಮಿಟಿ ಬೇಕು, ದೇಣಿಗೆ ಬೇಕು. ದೇಣಿಗೆ ಕೊಟ್ಟವರ ಅಪ್ಪ ಅಜ್ಜಂದಿರ ಫೋಟೋ ಮೊದಲು ಏರುತ್ತದೆ. ತಾತ್ಕಾಲಿಕಕ್ಕೆ ಸುತ್ತಲಿ, ಹಗ್ಗ, ನಾಕು ಬೆಂಚು ಸಾಕು. ನಾವು ಒಳಗೆ ಕಾಲಿಡಲಿಕ್ಕೆ ಇರುವ ಸಂದಿ ಇದು.

ಸಂದಿ ಅಂದೆವು, ಅದರ ಮೋಸವನ್ನೂ ಹೇಳಬೇಕು. ನಮಗೆ ಕೊಡೋದೆಲ್ಲ ತಾತ್ಕಾಲಿಕವೇ. ಏಪ್ರಿಲ್ 14ಕ್ಕೆ ಒಂದು ಟೇಬಲ್ಲು, ಒಂದು ಫೋಟೋ, ಒಂದು ಹಾರ. ಏಪ್ರಿಲ್ 15ಕ್ಕೆ ಟೇಬಲ್ಲು ತನ್ನ ಜಾಗಕ್ಕೆ, ಫೋಟೋ ಕಪಾಟಿನ ಮ್ಯಾಲೆ. ‘ನಿಮ್ಮದೂ ಮಾಡಿದೆವಲ್ಲ’ ಅನ್ನೋ ಮಾತು ಮಾತ್ರ ವರ್ಷಪೂರ್ತಿ. ಆದ್ದರಿಂದ ನಾವು ಮಾಡುವ ಮೂರು ದಿನದ ಪ್ರದರ್ಶನ ಮುಗಿದ ಮೇಲೆ ಏನು ಉಳೀತದ ಅನ್ನೋದನ್ನ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು.

ದೂರದ ಒಂದು ಊರಿನ ಮಾತು ಕೇಳ್ರಿ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಅಂತ ಒಂದು ಕೇರಿ. ಕೂಲಿ ಜನ, ಬಣ್ಣದ ಜನ, ಎಲ್ಲ ಕೂಡಿ ಬಾಳಿದ್ದರು. 1966ರಲ್ಲಿ ಬಿಳಿಯರ ಸರಕಾರ ಇದು ಬಿಳಿಯರಿಗೆ ಮಾತ್ರ ಅಂತ ಸಾರಿ, ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ಊರ ಹೊರಗಿನ ಬಯಲಿಗೆ ಹಾಕಿತು. ಮನೆಗಳನ್ನು ಬುಲ್‌ಡೋಜರ್ ಹಚ್ಚಿ ಕೆಡವಿದರು. 1994ರಲ್ಲಿ, ವರ್ಣಭೇದ ಸರಕಾರ ಹೋದ ಮೇಲೆ, ಎಬ್ಬಿಸಲ್ಪಟ್ಟ ಜನ ಒಂದು ಹಳೆಯ ಮೆಥಡಿಸ್ಟ್ ಚರ್ಚಿನಲ್ಲಿ ಪ್ರದರ್ಶನ ಇಟ್ಟರು. ಕೆಲವೇ ವಾರದ್ದು ಅಂತ ಇಟ್ಟದ್ದು. ಕೆಡವುವ ಕೆಲಸದಲ್ಲಿದ್ದ ಒಬ್ಬ ಗುಟ್ಟಾಗಿ ಎತ್ತಿಟ್ಟುಕೊಂಡಿದ್ದ ಬೀದಿಯ ಹೆಸರಿನ ಫಲಕಗಳನ್ನು ತೂಗಹಾಕಿದರು. ನೆಲದ ಮೇಲೆ ಕೇರಿಯ ನಕಾಶೆ ಹಾಸಿದರು. ಬಂದವರು ಅದರ ಮೇಲೆ ಮೊಣಕಾಲೂರಿ ತಮ್ಮ ಮನೆ ಎಲ್ಲಿತ್ತು ಅಂತ ಬರೆದರು. ಉದ್ದನೆಯ ಬಟ್ಟೆಯ ಮೇಲೆ ಹೆಸರು ಬರೆದರು. ಆಮೇಲೆ ಆ ಹೆಸರುಗಳನ್ನು ದಾರದಲ್ಲಿ ಹೊಲಿದರು. ಜನ ಅದನ್ನು ಮುಚ್ಚಗೊಡಲಿಲ್ಲ. ಆ ತಾತ್ಕಾಲಿಕ ಪ್ರದರ್ಶನವೇ ಈಗ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಮ್.

ನಮಗೂ ಎಬ್ಬಿಸುವುದೇನು ಹೊಸದಲ್ಲ. ಆಲಮಟ್ಟಿಗೆ 1964ರಲ್ಲಿ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಹಿನ್ನೀರು ಹಳೆ ಬಾಗಲಕೋಟೆಯನ್ನು ನುಂಗಿತು, ಬೀಳಗಿ ಜಮಖಂಡಿ ಕಡೆ ಹೊಲ ಮನೆ ನುಂಗಿತು. ಈಗಿನ ನೀರಿನ ಮಟ್ಟ 519.60 ಮೀಟರ್. ಅದನ್ನು 524.256ಕ್ಕೆ ಏರಿಸಲು 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಒಪ್ಪಿಗೆ ಕೊಟ್ಟಿದೆ. 2019ರ ಆಗಸ್ಟಿನ ಮಹಾಪೂರದಲ್ಲಿ ನದಿ ದಂಡೆಯ ಊರುಗಳಲ್ಲಿ ನೀರು ಹೊಕ್ಕಿದ್ದನ್ನು ನಿಮ್ಮಲ್ಲಿ ಬಹಳ ಜನ ಕಣ್ಣಾರೆ ಕಂಡೀರಿ. ಪೂರ ಬಂದಾಗ ಜನ ದನಕರು, ಕಾಳು, ಮಕ್ಕಳನ್ನು ಎತ್ತಿಕೊಂಡು ಓಡತಾರ. ಟ್ರಂಕಿನ ತಳದ ಕಾಗದ, ಮುತ್ಯಾನ ಹಲಗಿ, ಆಯಿಯ ಬೀಸುಕಲ್ಲು ಹಿಂದೆ ಉಳೀತಾವ. ಇನ್ನೊಂದು ಸಲ ಮುಳುಗುವ ಮುಂಚೆ ನಮ್ಮ ಕೇರಿಯ ನಕಾಶೆಯನ್ನ ನಾವೇ ಬರೆದಿಡಬಾರದೇನು? ಯಾವ ಮನೆ ಯಾರದು, ನೀರು ಎಲ್ಲಿಂದ ತರುತ್ತಿದ್ದೆವು, ಯಾವ ದಾರಿಯಲ್ಲಿ ನಡೆಯಗೊಡುತ್ತಿರಲಿಲ್ಲ. ಇಷ್ಟಕ್ಕೆ ಬೇಕಾದದ್ದು ಒಂದು ಧೋತರದ ತುಂಡು, ಕರೇ ಶಾಯಿ.

ಇನ್ನು ವಸ್ತುವಿನ ಮಾತು. ನಮ್ಮ ಕೇಳಿಕೆ ಒಂದೈತಿ. ಬ್ಯಾರೇಜಿನ ಫೋಟೋದ ಎದುರಿಗೆ ಕಪಲಿ ಬಾವಿಯ ತೊಗಲಿನ ಚೀಲ ತೂಗಹಾಕಬೇಕು. ಪಂಪ್‌ಸೆಟ್ಟು ಬರುವ ಮುಂಚೆ ಈ ನಾಡಿನ ತೋಟಗಳಿಗೆ ನೀರು ಹತ್ತುತ್ತಿದ್ದದ್ದು ಕಪಲಿಯಿಂದ. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ಹೋದಂತೆ ಬಾವಿಯೊಳಗಿಂದ ತೊಗಲಿನ ಚೀಲ ತುಂಬಿ ಮೇಲೆ ಬರುತ್ತಿತ್ತು. ಆ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ತಂಗಡಿ ಚಕ್ಕೆಯಲ್ಲಿ ಹದ ಮಾಡಿ, ಹೊಲಿದು ಕೊಟ್ಟವರು ಮಾದರ ಕೇರಿಯವರು. ಅವರು ಹೊಲಿದ ಚೀಲ ದಿನಕ್ಕೆ ನೂರು ಸಲ ಬಾವಿಯೊಳಗೆ ಇಳೀತಿತ್ತು. ಹೊಲಿದವರ ಕೈ ಅದೇ ಬಾವಿಯ ನೀರು ಮುಟ್ಟುವ ಹಂಗಿರಲಿಲ್ಲ. ಬಾಬಾಸಾಹೇಬರು 1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಯಾಕೆ ಮುಟ್ಟಿದರು ಅನ್ನೋದನ್ನ ಹಳ್ಳಿ ಹುಡುಗನಿಗೆ ತಿಳಿಸಲಿಕ್ಕೆ ಪುಸ್ತಕಕ್ಕಿಂತ ಆ ಚೀಲ ಮೇಲು. ನೀರಾವರಿಯ ಇತಿಹಾಸ 1989ಕ್ಕೆ ಶುರುವಾಗಲಿಲ್ಲ ಅನ್ನೋದನ್ನ ಹಿರಿಯ ರೈತರೂ ಒಪ್ಪತಾರ, ಅವರೇ ಕಪಲಿ ಹೊಡೆದವರು.

ಇಲ್ಲಿ ನಮ್ಮೊಳಗೇ ಒಂದು ಜಗಳ ಐತಿ. ಕೆಲವು ಗೆಳೆಯರು ಹೇಳತಾರ: ತೊಗಲು, ಹಲಗಿ, ಕಸಬರಿಗೆ, ಹೋಟೆಲಿನ ಬೇರೆ ಕಪ್ಪು ಬಸಿ, ಇವನ್ನೆಲ್ಲ ಯಾಕೆ ತೋರಿಸಬೇಕು? ನಾವು ಡಿಗ್ರಿ ಓದಾಕ ಬಂದೇವಿ, ಮತ್ತ ಅದನ್ನೇ ಎತ್ತಿ ತೋರಿಸಿದರೆ ಅವರಿಗೆ ನಗಲಿಕ್ಕೆ ಆಗತದ. ಈ ಮಾತನ್ನು ಸುಮ್ಮನೆ ತಳ್ಳಿಹಾಕಬಾರದು. ಹೇಳುವವರ ಮೈಮೇಲೆ ಗಾಯ ಐತಿ. ನಾವು ಹೇಳೋದು ಇಷ್ಟು: ಕೈಯ ಹುನ್ನಾರಿಕೆ ತೋರಿಸುವ ವಸ್ತು ಇರಲಿ. ಬರೀ ಅವಮಾನದ ವಸ್ತು ಇಡುವುದಾದರೆ ಅದರ ಕೆಳಗೆ ಅವಮಾನ ಪಟ್ಟವರ ಹೆಸರು ಬೇಡ. ಬೇರೆ ಕಪ್ಪು ಬಸಿ ಇಟ್ಟವರು ಯಾರು, ಯಾವ ವರ್ಷದವರೆಗೆ ಇಟ್ಟರು ಅಂತ ಬರೀರಿ. ಹೋಟೆಲಿನ ಕಪ್ಪು ಹೋಟೆಲಿನವರ ಇತಿಹಾಸ, ಅದನ್ನು ನಮ್ಮ ತಲೆಗೆ ಯಾಕೆ ಕಟ್ಟಬೇಕು?

ದೇವದಾಸಿ ತಾಯಂದಿರ ವಿಷಯದಲ್ಲಿ ನಮ್ಮ ಮಾತು ಖಡಕ್. ಮುತ್ತು ಕಟ್ಟುವುದನ್ನು 1982ರ ಕಾಯಿದೆ ನಿಷೇಧಿಸಿತು. ಮುಧೋಳ ಜಮಖಂಡಿ ಸೀಮೆಯಲ್ಲಿ ಆ ಪದ್ಧತಿ ಎಷ್ಟು ಮನೆ ತಿಂದಿದೆ ಅಂತ ನಿಮಗೆ ನಾವು ಹೇಳಬೇಕಿಲ್ಲ. ಆದರೆ ಯಾವ ತಾಯಿಯ ಕೊರಳಿನ ಮುತ್ತನ್ನೂ, ಫೋಟೋವನ್ನೂ ಟೇಬಲ್ಲಿನ ಮೇಲೆ ಇಡಕೂಡದು. ಅವಳ ಮಗ ಇದೇ ಹಾಸ್ಟೆಲಿನಲ್ಲಿ ಇರಬಹುದು. ಅವಳಾಗಿ ಬಂದು, ನಾನು ಮಾತಾಡತೀನಿ ಅಂದರೆ ಕುರ್ಚಿ ಹಾಕಿ ಕೂಡಿಸಿ ಕೇಳ್ರಿ. ಚೌಡಿಕೆ ಹಿಡಿದು ಹಾಡತೀನಿ ಅಂದರೆ ಹಾಡಲಿ. ಅವಳು ಬ್ಯಾಡ ಅಂದರೆ ಅಲ್ಲಿಗೆ ಮುಗೀತು.

ವಸ್ತು ಇಲ್ಲ ಅಂತ ಕೈಚೆಲ್ಲುವವರಿಗೆ ಹಲಗಲಿಯ ನೆನಪು ಮಾಡತೀವಿ. 1857ರಲ್ಲಿ ಕಂಪನಿ ಸರಕಾರ ಆಯುಧ ಒಪ್ಪಿಸ್ರಿ ಅಂದಾಗ ಹಲಗಲಿ ಬೇಡರು ಒಪ್ಪಲಿಲ್ಲ. ಆ ನವೆಂಬರಿನಲ್ಲಿ ದಂಡು ಬಂದು ಊರು ಸುಟ್ಟಿತು, ಹಿಡಿದವರನ್ನು ಗಲ್ಲಿಗೆ ಹಾಕಿದರು. ಊರು ಸುಟ್ಟರೂ ಲಾವಣಿ ಉಳಿಯಿತು. ಬ್ರಿಟಿಷ್ ಅಧಿಕಾರಿ ಫ್ಲೀಟ್ ಅದನ್ನು ಬರೆಸಿಕೊಂಡು ಅಚ್ಚು ಹಾಕಿಸಿದ. ನಮ್ಮ ಮನೆಯ ಹಾಡನ್ನು ಬರೆದುಕೊಳ್ಳಲಿಕ್ಕೆ ನಾವು ಯಾವ ಸಾಹೇಬನ ದಾರಿ ಕಾಯಬೇಕು? ನಿಮ್ಮ ಕಿಸೆಯಲ್ಲಿ ಫೋನೈತಿ, ಆಯಿ ಇನ್ನೂ ಇದ್ದಾಳ.

ಎಲ್ಲಕ್ಕಿಂತ ಜೋಕೆ ಮಾಡಬೇಕಾದದ್ದು ಕಾಗದ. ವತನದ ಸನದು, ಹಳೇ ಉತಾರ, ತೆರಿಗೆ ಪಾವತಿ. ನಮ್ಮ ಹಿರಿಯರು ಊರಿನ ಬಿಟ್ಟಿ ಚಾಕರಿಗೆ ಬದಲಾಗಿ ತುಂಡು ವತನ ಹೊಲ ಉಂಡರು. ಆ ತುಂಡಿನ ಆಸೆಯೇ ನಮ್ಮ ಕಾಲಿನ ಬೇಡಿ ಅಂತ ಕಂಡು ಬಾಬಾಸಾಹೇಬರು 1928ರಲ್ಲಿ ಮುಂಬಯಿ ಕೌನ್ಸಿಲಿನಲ್ಲಿ ವತನ ತಿದ್ದುಪಡಿ ಬಿಲ್ಲು ತಂದರು. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ. ಆ ಕಾಯಿದೆಯಲ್ಲಿ ಹೊಲ ಚಾಕರಿ ಮಾಡಿದವರಿಗೇ ಮರುಮಂಜೂರಿ ಆಗಬೇಕು. ಯಾರಿಗೆ ಆಯಿತು, ಯಾರದು ಯಾರ ಹೆಸರಿಗೆ ಹೋಯಿತು ಅನ್ನೋದು ಕಾಗದದಲ್ಲಿ ಐತಿ. ಜಮಖಂಡಿ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ ಹಳೇ ಕಾಗದ ಮೋಡಿ ಲಿಪಿಯಲ್ಲಿ ಇರಬಹುದು. ಓದಲಿಕ್ಕೆ ಬರದು ಅಂತ ಒಲಿಗೆ ಹಾಕಬ್ಯಾಡ್ರಿ. ಆದರೆ ಅಸಲು ಕಾಗದವನ್ನು ಪ್ರದರ್ಶನಕ್ಕೆ ಎಂದೂ ಇಡಬಾರದು. ಝೆರಾಕ್ಸ್ ಇಡ್ರಿ. ಅಸಲು ಕಾಗದಕ್ಕೆ ಮುಂದೆ ಕಚೇರಿಯಲ್ಲಿ ಕೆಲಸ ಐತಿ. ಅದು ಮೂರು ದಿನ ಬೆಂಚಿನ ಮೇಲೆ ಇದ್ದರೆ ಯಾರ ಕಣ್ಣು ಬೀಳತದ ಅಂತ ಬಿಡಿಸಿ ಹೇಳಬೇಕಿಲ್ಲ.

ಎಲ್ಲಿ ಇಡಬೇಕು? ಗುಡಿಯ ಕಟ್ಟೆ ಬ್ಯಾಡ, ನಮ್ಮ ಆಯಿ ಅಲ್ಲಿ ಮೆಟ್ಟಿಲ ಹತ್ತರ ನಿಂತು ಬಿಡತಾಳ. ಕೇರಿಯ ಸಮುದಾಯ ಭವನದಲ್ಲೇ ಇಟ್ಟರೆ ನಮ್ಮದನ್ನು ನಾವೇ ನೋಡಿ ಮನೆಗೆ ಹೋಗಬೇಕಾಗತದ. ಸರಕಾರಿ ಸಾಲಿ ಸರಿ. ಅಲ್ಲಿ ಎಲ್ಲರ ಮಕ್ಕಳೂ ಬರತಾವ, ಮಕ್ಕಳ ಬೆನ್ನು ಹತ್ತಿ ತಂದೆ ತಾಯಿ ಬರತಾರ. ಉದ್ಘಾಟನೆಗೆ ಯಾರನ್ನು ಕರೀಬೇಕು ಅನ್ನೋ ಜಗಳದಲ್ಲಿ ನಾವು ಇಲ್ಲ. ಉದ್ಘಾಟನೆ ಇಲ್ಲದೆಯೂ ಬಾಗಿಲು ತೆರೀತದ.

ಕೊನೆಗೆ ಒಂದು ವಹಿ ಹಾಕ್ರಿ. ವಸ್ತು ಕೊಟ್ಟವರ ಹೆಸರು, ವಸ್ತು ಏನು, ಎಲ್ಲಿ ಸೀಳಿದೆ, ಎಲ್ಲಿ ಮುಕ್ಕಾಗಿದೆ, ತಂದ ದಿನ, ಮರಳಿಸುವ ದಿನ. ಕೊಟ್ಟವರ ಸಹಿ ಇಲ್ಲವೇ ಹೆಬ್ಬಟ್ಟು, ನಮ್ಮ ಸಹಿ, ಅವರ ಕೈಗೊಂದು ಚೀಟಿ. ಪ್ರತಿ ವಸ್ತುವಿಗೂ ಒಂದು ಫೋಟೋ, ಅದರ ಕಥೆ ಅವರದೇ ಮಾತಿನಲ್ಲಿ. ಪ್ರದರ್ಶನ ಮುಗಿದ ಮೇಲೆ ಉಳಿಯುವುದು ಈ ವಹಿ. ಅದರ ಒಂದು ಪ್ರತಿ ಸಾಲಿಯಲ್ಲಿ, ಒಂದು ಪಂಚಾಯತಿ ಗ್ರಂಥಾಲಯದಲ್ಲಿ, ಒಂದು ಈ ಹಾಸ್ಟೆಲಿನಲ್ಲಿ. ಊರಲ್ಲಿ ಎಂದಾದರೂ ಕಾಯಂ ಸಂಗ್ರಹಾಲಯ ಆಗುವ ಮಾತು ಬಂದರೆ ಆ ವಹಿ ಹಿಡಿದುಕೊಂಡು ಕಮಿಟಿಯ ಮುಂದೆ ಹೋಗಿ ಕೂಡೋದು. ಮೂರನೆ ದಿನ ಸಂಜೆ ವಸ್ತುಗಳನ್ನು ಗಾಡಿಯಲ್ಲಿ ತುಂಬಿ ಒಗೆಯಬ್ಯಾಡ್ರಿ. ಹೆಸರು ಕರೆದು, ಎಲ್ಲರ ಎದುರಿಗೆ, ಒಬ್ಬೊಬ್ಬರ ಕೈಗೆ ಮರಳಿಸಿ ವಹಿಯಲ್ಲಿ ಗೀಟು ಹೊಡೀರಿ.

ದೀಪಾವಳಿ ರಜೆಗೆ ಊರಿಗೆ ಹೋದಾಗ ಒಬ್ಬೊಬ್ಬರು ಒಂದೊಂದು ಮನೆಯ ಪಟ್ಟಿ ಮಾಡಿಕೊಂಡು ಬರ್ರಿ. ವಸ್ತು ತರಬ್ಯಾಡ್ರಿ, ಮೊದಲು ಪಟ್ಟಿ.

ಜೈಭೀಮ್.