ತಂತಿಯ ಮೇಲೆ ಮಾಗಿದ ಹಾಡು

(ಬಾನುಲಿ ಭಾಷಣ)

ಧಾರವಾಡದಲ್ಲಿ ಸಂಗೀತದ ಮಾತು ಬಂದಿತೆಂದರೆ ಅದು ಕಂಠದಿಂದಲೇ ಮೊದಲಾಗುತ್ತದೆ. ಸವಾಯಿ ಗಂಧರ್ವರು, ಮನಸೂರರು, ಗಂಗೂಬಾಯಿಯವರು, ರಾಜಗುರುಗಳು, ಭೀಮಸೇನರು ಎಂದು ಹೆಸರುಗಳನ್ನು ಹೇಳಿ ಮುಗಿಸುವಷ್ಟರಲ್ಲಿ ಮುಂದಿಟ್ಟ ಚಹಾ ಆರಿಹೋಗಿರುತ್ತದೆ. ತಂತಿವಾದ್ಯ ನುಡಿಸುವವರ ಸರದಿ ಬರುವುದು ಆಮೇಲೆ, ಅದೂ ಬಂದರೆ. ಈ ಹೊತ್ತು ಆ ಸರದಿಯನ್ನು ಕೊಂಚ ಹಿಂದುಮುಂದು ಮಾಡಬೇಕೆಂದಿದ್ದೇನೆ. ಬೆರಳಿಗೆ ನಖಿ ತೊಟ್ಟು ಸಿತಾರ ನುಡಿಸಿದವರನ್ನು ನಾನು ಎದುರು ಕುಳಿತು ಕೇಳಿದ್ದೇನೆ. ಹೆಗಲಿಗೆ ಪಟ್ಟಿ ಹಾಕಿಕೊಂಡು ವಿದ್ಯುತ್ ಗಿಟಾರ್ ನುಡಿಸಿದವರನ್ನು ಎದುರು ನಿಂತು ಕೇಳಿದ್ದೇನೆ. ಅಲ್ಲಿ ಕುಳಿತುಕೊಳ್ಳುವ ರೂಢಿಯಿಲ್ಲ. ಹೀಗೆ ಎರಡೂ ಕಡೆ ಕಿವಿಗೊಟ್ಟವನಿಗೆ ಒಂದು ಪ್ರಶ್ನೆ ಬಿಡದೆ ಅಂಟಿಕೊಂಡಿದೆ. ಕೆಲವು ಹಾಡುಗಳಿಗೆ ಬರಿಯ ವಯಸ್ಸಾಗುತ್ತದೆ, ಕೆಲವು ಮಾಗುತ್ತವೆ. ಈ ವ್ಯತ್ಯಾಸ ಎಲ್ಲಿಂದ ಬಂದಿತು?

ಗಿಟಾರ್ ಎಂದೊಡನೆ ನಮ್ಮ ಕಡೆಯ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಅದು ಪರದೇಶದ ವಾದ್ಯವಂತೆ. ಆದರೆ ಸಿತಾರವೇನು ಮಾಳಮಡ್ಡಿಯ ಹಿತ್ತಲಿನಲ್ಲಿ ಬೆಳೆದ ಬಳ್ಳಿಯೆ? ಅದೂ ಬಂದದ್ದೇ. ಸಿತಾರರತ್ನರೆಂದು ಹೆಸರಾದ ರಹಿಮತ್ ಖಾನರು ಉತ್ತರದಿಂದ ಬಂದು ಇಲ್ಲಿ ನೆಲೆ ನಿಂತರು. ಬೀನಕಾರ ಬಂದೇ ಅಲಿ ಖಾನರ ಶಿಷ್ಯರವರು. ಸಿತಾರಕ್ಕೆ ಮಂದ್ರದ ತಂತಿಗಳನ್ನು ಕೂಡಿಸಿ, ಬೀನದ ಗಾಂಭೀರ್ಯವನ್ನು ಅದಕ್ಕೆ ತಂದುಕೊಟ್ಟವರೆಂದು ಆ ಪರಂಪರೆಯವರು ಅವರನ್ನು ನೆನೆಯುತ್ತಾರೆ. 1954ರಲ್ಲಿ ಅವರು ತೀರಿಕೊಂಡರು. ಮಗ ಅಬ್ದುಲ್ ಕರೀಂ ಖಾನರು (ಕಿರಾಣಾ ಘರಾಣೆಯ ಆ ಪ್ರಸಿದ್ಧ ಗಾಯಕರು ಬೇರೆ, ಇವರು ಬೇರೆ) ವಿದ್ಯೆಯನ್ನು ಮುಂದೆ ನಡೆಸಿದರು. ಮೊಮ್ಮಕ್ಕಳ ಕಾಲಕ್ಕೆ ಒಂದೇ ಮನೆಯಿಂದ ಇಷ್ಟೊಂದು ಸಿತಾರಗಳು ಹೊರಟುವಲ್ಲ ಎಂದು ಊರು ಬೆರಗಾಯಿತು. ವಾದ್ಯವೂ ಹತ್ತಿರದ್ದೇ ಆಯಿತು. ಮಿರಜಿಯ ಸಿತಾರ ಕಟ್ಟುವ ಮನೆತನಗಳು ರೈಲಿನ ಹಾದಿಯಲ್ಲೇ ಇದ್ದುವಲ್ಲ! ಹೀಗೆ ಹೊರಗಿನ ವಾದ್ಯವೊಂದು ಎರಡು ತಲೆಮಾರಿನಲ್ಲಿ ಧಾರವಾಡದ್ದಾಯಿತು.

ಆ ಮೊಮ್ಮಕ್ಕಳಲ್ಲಿ ಬಾಲೇಖಾನರನ್ನು ನಾನು ಹೆಚ್ಚು ಕೇಳಿದವನು. 1942ರಲ್ಲಿ ಹುಟ್ಟಿದ ಅವರು ಧಾರವಾಡ ಆಕಾಶವಾಣಿಯ ಕಲಾವಿದರಾಗಿದ್ದರು. 2007ರ ಡಿಸೆಂಬರಿನಲ್ಲಿ ನಮ್ಮನ್ನು ಅಗಲಿದರು. ದೊಡ್ಡ ಸಭಾಗೃಹಕ್ಕಿಂತ ಮನೆಯ ಪಡಸಾಲೆಯ ಬೈಠಕ್ಕಿನಲ್ಲಿ ಕೇಳಬೇಕಾದ ವಾದನ ಅದು. ಅವರ ಸಿತಾರದಲ್ಲಿ ಗಾಯಕಿಯೂ ತಂತ್ರಕಾರಿಯೂ ಕೂಡಿ ನಡೆಯುತ್ತಿದ್ದುವು. ಎಂದರೆ, ಕೊರಳಿನ ಎಳೆತವೂ ಇತ್ತು, ಬೆರಳಿನ ಪೆಟ್ಟೂ ಇತ್ತು. ಸಿತಾರದ ಮೆಟ್ಟಿಲುಗಳು ಬಾಗಿದವು, ಎತ್ತರದವು. ಆದುದರಿಂದ ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು ನಾಲ್ಕೈದು ಸ್ವರಗಳವರೆಗೆ ಏರಬಹುದು. ಇದೇ ಮೀಂಡು. ಕೈ ಎಳೆದಷ್ಟೂ ಸ್ವರ ಏರುತ್ತದೆ; ಎಲ್ಲಿ ನಿಲ್ಲಿಸಬೇಕೆಂಬುದನ್ನು ಮಾತ್ರ ಯಾವ ಮೆಟ್ಟಿಲೂ ಹೇಳಿಕೊಡುವುದಿಲ್ಲ, ಅದನ್ನು ಕಿವಿಯೇ ಹೇಳಬೇಕು.

ಆಲಾಪ ಮುಗಿದು ತಬಲಾ ಕೂಡಿಕೊಂಡಾಗ ಗತ್ತು ಬರುತ್ತದೆ. ಮಸೀತಖಾನಿ ಗತ್ತೆಂದರೆ ಏನು ದೊಡ್ಡದು? ತೀನತಾಲದ ಹದಿನಾರು ಮಾತ್ರೆಗಳಲ್ಲಿ ಮುಗಿಯುವ ಒಂದು ಸಾಲು. ಹನ್ನೆರಡನೆಯ ಮಾತ್ರೆಯಿಂದ ಎದ್ದು ಸಮ್ಮಿಗೆ ಬಂದು ಇಳಿಯುತ್ತದೆ. ದಿರ ದಾ ದಿರ ದಾ ರಾ ದಾ ದಾ ರಾ ಎಂಬ ಮೀಟಿನ ಬೋಲುಗಳನ್ನು ಎರಡು ಸಲ ಬರೆದರೆ ಆಯಿತು. ಒಂದು ಕಾರ್ಡಿನಲ್ಲಿ ಬರೆದು ಅಂಚೆಗೆ ಹಾಕಬಹುದು. ಕ್ಷೇಮಸಮಾಚಾರಕ್ಕೂ ಸ್ಥಳ ಉಳಿಯುತ್ತದೆ. ಈ ಚಿಕ್ಕ ಸಾಲಿನ ಒಳಗೆ ಒಬ್ಬ ವಾದಕ ಮುಕ್ಕಾಲು ತಾಸು ಓಡಾಡುತ್ತಾನೆ. ಹೊರಗೆ ಹೋಗುತ್ತಾನೆ, ತಿರುಗಿ ಬರುತ್ತಾನೆ. ಬಂದಾಗಲೆಲ್ಲ ಮನೆಯ ಬಾಗಿಲು ತೆರೆದೇ ಇರುತ್ತದೆ. ಗತ್ತನ್ನು ಕಟ್ಟಿದವನು ತನ್ನ ಜಾಣ್ಮೆಯನ್ನೆಲ್ಲ ಅದರಲ್ಲಿ ತುಂಬಿಟ್ಟಿಲ್ಲ. ಮುಂದೆ ಬರುವವನಿಗೆಂದು ಜಾಗ ಬಿಟ್ಟಿದ್ದಾನೆ.

ಸಿತಾರವೂ ಗಿಟಾರೂ ಒಂದೇ ವೇದಿಕೆಗೆ ಬಂದ ಕಾಲವೊಂದಿತ್ತು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1965ರಲ್ಲೇ ತಮ್ಮ ತಂಡದ ಹಾಡೊಂದರಲ್ಲಿ ಸಿತಾರ ಮೀಟಿದ್ದನು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ಸಂತ್ರಸ್ತರಿಗಾಗಿ ನಡೆದ ಕಛೇರಿಯಲ್ಲಿ ರವಿಶಂಕರರೂ ಅಲಿ ಅಕ್ಬರ್ ಖಾನರೂ ಶ್ರುತಿ ಮಾಡಿಕೊಂಡು ಕೈ ತೆಗೆದರು. ಸಭೆ ಅದನ್ನೇ ಒಂದು ರಾಗವೆಂದು ತಿಳಿದು ಚಪ್ಪಾಳೆ ತಟ್ಟಿತು. ಈ ಕಥೆಯನ್ನು ನಮ್ಮವರು ನಗುತ್ತ ಹೇಳುತ್ತಾರೆ. ನನಗೇನೋ ಆ ಸಭೆಯ ಮೇಲೆ ಪ್ರೀತಿಯೇ. ಶ್ರುತಿ ಮಾಡುವಾಗ ಅಡಕೆಲೆ ಮೆಲ್ಲುತ್ತ ಪಕ್ಕದವನೊಡನೆ ಭೂಮಿಯ ಬೆಲೆ ಮಾತಾಡುವ ನಮ್ಮ ಶ್ರೋತೃಗಳಿಗಿಂತ ಅವರೇನು ಕಡಿಮೆ?

ಗಿಟಾರಿನ ಕಡೆಗೆ ನನ್ನನ್ನು ಎಳೆದುಕೊಂಡು ಹೋದವನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನನ್ನ ತಂಗಿಯ ಮಗ. "ಮಾಮಾ, ಒಮ್ಮೆ ಎದುರಿಗೆ ನಿಂತು ಕೇಳ್ರಿ. ಆಮ್ಯಾಲೆ ಬೇಕಾದ್ರ ಬೈಯ್ರಿ" ಎಂದ. ನ್ಯಾಯವಾದ ಮಾತು. ಹುಬ್ಬಳ್ಳಿಯಿಂದ ರಾತ್ರಿಯ ಗಾಡಿ ಹತ್ತಿದೆ. 2003ರ ಏಪ್ರಿಲ್ 4, ಬೆಂಗಳೂರಿನ ಅರಮನೆ ಮೈದಾನ, ರೋಲಿಂಗ್ ಸ್ಟೋನ್ಸ್ ಎಂಬ ಆಂಗ್ಲರ ತಂಡ. ಮಳೆ ಬೇರೆ. ಕೊಡೆ ಹಿಡಿದು ಸಂಗೀತ ಕೇಳಲು ಬಂದವನು ಆ ಜನಸಾಗರದಲ್ಲಿ ಬಹುಶಃ ನಾನೊಬ್ಬನೇ.

ವಿದ್ಯುತ್ ಗಿಟಾರಿನ ರಹಸ್ಯ ಸರಳವಾದುದು. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ಸಣ್ಣ ತಾಮ್ರದ ತಂತಿಯ ಸುರುಳಿ. ಮೇಲಿನ ತಂತಿ ನಡುಗಿದರೆ ಸುರುಳಿಯಲ್ಲಿ ವಿದ್ಯುತ್ತು ಮಿಡಿಯುತ್ತದೆ. ಆ ಮಿಡಿತವನ್ನು ಯಂತ್ರ ದೊಡ್ಡದು ಮಾಡುತ್ತದೆ. ಎಂದರೆ, ಹೊರಗೆ ಬರುವುದು ತಂತಿಯ ಸದ್ದಲ್ಲ, ತಂತಿಯ ಸುದ್ದಿ. ಸುದ್ದಿ ಹಬ್ಬುವಾಗ ದೊಡ್ಡದಾಗುವುದು ಲೋಕರೂಢಿಯೇ ಆಗಿದೆ.

ಕೀತ್ ರಿಚರ್ಡ್ಸ್ ಆ ತಂಡದ ಗಿಟಾರ್ ವಾದಕ. 1943ರ ಡಿಸೆಂಬರಿನಲ್ಲಿ ಹುಟ್ಟಿದವನು. ನಮ್ಮ ಬಾಲೇಖಾನರಿಗಿಂತ ಹದಿನಾರು ತಿಂಗಳು ಚಿಕ್ಕವನು. ವೇಗದಲ್ಲಿ ಅವನನ್ನು ಮೀರಿಸುವ ಹುಡುಗರು ಬೆಂಗಳೂರಿನ ಓಣಿ ಓಣಿಯಲ್ಲಿದ್ದರೆಂದು ನನ್ನ ಅಳಿಯನೇ ಹೇಳಿದ. ಆದರೆ ಅವನು ಮಾಡುವುದನ್ನು ನೋಡಿ. ಅನೇಕ ಹಾಡುಗಳಿಗೆ ಆತ ಗಿಟಾರಿನ ಆರು ತಂತಿಗಳಲ್ಲಿ ಕೆಳಶ್ರುತಿಯದೊಂದನ್ನು ಕಳಚಿಯೇ ಬಿಡುತ್ತಾನೆ. ಉಳಿದ ಐದನ್ನು ಮೆಟ್ಟಿಲು ಮುಟ್ಟದೆ ಬರಿದೆ ಮೀಟಿದರೂ ಸ್ವರಮೇಳವಾಗುವಂತೆ ಶ್ರುತಿ ಮಾಡಿಕೊಳ್ಳುತ್ತಾನೆ. ಒಂದು ಪೆಟ್ಟು ಹಾಕುತ್ತಾನೆ, ಕೈ ತೆಗೆಯುತ್ತಾನೆ. ಆ ತೆರಪಿನಲ್ಲಿ ಚಾರ್ಲಿ ವಾಟ್ಸನ ಡ್ರಮ್ಮು ಮಾತಾಡುತ್ತಿತ್ತು. ಸಮ್ಮು ತಪ್ಪದ ಈ ನಿಲುಗಡೆಯನ್ನು ಕೇಳಿ ನಾನು ಕೊಡೆ ಮಡಚಿದೆ.

ಈ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಎಂಬ ಹಾಡು 1965ರದು. ನಿದ್ದೆಗಣ್ಣಿನಲ್ಲಿ ಹೊಳೆದ ಸ್ವರಗಳನ್ನು ರಿಚರ್ಡ್ಸ್ ಹಾಸಿಗೆಯ ಪಕ್ಕದ ಟೇಪಿನಲ್ಲಿ ಹಿಡಿದಿಟ್ಟನಂತೆ. ಅದರ ಆರಂಭದ ಆ ಗುರುಗುಟ್ಟುವ ಸಾಲು ಒಂದು ಗತ್ತಿನಷ್ಟೇ ಚಿಕ್ಕದು, ಗತ್ತಿನಷ್ಟೇ ಹಟಮಾರಿ. ನಲವತ್ತೈದರ ವಯಸ್ಸಿನಲ್ಲೂ ಇದನ್ನೇ ಹಾಡುತ್ತಿರುವುದಕ್ಕಿಂತ ಸತ್ತರೆ ಮೇಲು ಎಂದು ಗಾಯಕ ಮಿಕ್ ಜಾಗರ್ ತಾರುಣ್ಯದಲ್ಲಿ ಹೇಳಿದ್ದನೆಂದು ಪ್ರತೀತಿ. 2024ರ ಪ್ರವಾಸದಲ್ಲಿ, ಎಂಬತ್ತು ದಾಟಿದ ಮೇಲೂ, ಅವನು ಅದನ್ನು ಹಾಡಿದ. ತೃಪ್ತಿ ಸಿಗಲಿಲ್ಲವೆಂಬ ಗೊಣಗು ಇಪ್ಪತ್ತರ ಹುಡುಗನ ಬಾಯಲ್ಲಿ ಪೊಗರು; ಎಂಬತ್ತರವನ ಬಾಯಲ್ಲಿ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ. ಹಾಡು ಅದೇ. ಹಾಡುವವನು ಅದರೊಳಗೆ ಮುದುಕನಾಗಲು ಅದು ಎಡೆಗೊಟ್ಟಿತು.

ಎರಡು ವರ್ಷಗಳ ತರುವಾಯ, 2005ರ ಮಾರ್ಚಿನಲ್ಲಿ, ಮಾರ್ಕ್ ನಾಫ್ಲರ್ ಬೆಂಗಳೂರಿಗೆ ಬಂದಾಗ ಯಾರೂ ನನ್ನನ್ನು ಕರೆಯಬೇಕಾಗಲಿಲ್ಲ. ನಾನೇ ಅಳಿಯನಿಗೆ ಪತ್ರ ಬರೆದು ಟಿಕೆಟ್ ತೆಗೆಸಿದೆ. ಗಿಟಾರ್ ನುಡಿಸುವವರು ಸಾಮಾನ್ಯವಾಗಿ ಒಂದು ಚಪ್ಪಟೆ ಬಿಲ್ಲೆಯಿಂದ ಮೀಟುತ್ತಾರೆ. ಈತ ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ, ಬರಿಯ ಚರ್ಮದಿಂದ ಮೀಟುತ್ತಾನೆ. ಅದರಿಂದ ಸ್ವರಕ್ಕೆ ಒಂದು ಮಾತಿನ ಗುಣ ಬರುತ್ತದೆ. ಒತ್ತಿ ಹೇಳಿದ್ದು, ನುಂಗಿ ಹೇಳಿದ್ದು ಎರಡೂ ಕೇಳಿಸುತ್ತವೆ. ಗಿಟಾರಿನ ತಂತಿಯನ್ನು ಸಿತಾರದಷ್ಟು ಎಳೆಯಲು ಬಾರದು. ಹೆಚ್ಚೆಂದರೆ ಒಂದೋ ಒಂದೂವರೆಯೋ ಸ್ವರ. ಅಷ್ಟರಲ್ಲೇ ಆತ ಕೊರಳಿನ ಕೆಲಸ ಮಾಡಿಸಿದ.

ಅವನ ಪ್ರಸಿದ್ಧ ಹಾಡು ‘ಸುಲ್ತಾನ್ಸ್ ಆಫ್ ಸ್ವಿಂಗ್’, 1978ರದು. ಅದರ ಹುಟ್ಟು ಧಾರವಾಡದವರಿಗೆ ಅರ್ಥವಾಗುವಂಥದು. ಮಳೆಯ ಇರುಳು, ಲಂಡನ್ನಿನ ಒಂದು ಅಗ್ಗದ ಪಾನಗೃಹ, ಕೇಳುವವರು ನಾಲ್ಕಾರು ಜನ. ಒಂದು ಸಾಧಾರಣ ಜಾಝ್ ತಂಡ ನುಡಿಸುತ್ತಿದೆ. ಕೊನೆಯಲ್ಲಿ ತಂಡದ ಮುಖಂಡ ಗಂಭೀರವಾಗಿ ಸಾರುತ್ತಾನೆ, ತಾವು ಲಯದ ಸುಲ್ತಾನರೆಂದು! ನಾಫ್ಲರ್ ಅವರನ್ನು ಹಾಸ್ಯ ಮಾಡದೆ ಹಾಡು ಕಟ್ಟಿದ. ಹಗಲು ಬೇರೊಂದು ಕೆಲಸ, ಇರುಳು ಸಂಗೀತ. ಇಂಥ ಸುಲ್ತಾನರನ್ನು ನಾವು ಕಂಡಿಲ್ಲವೆ? ಕಚೇರಿಯ ಫೈಲು ಕಟ್ಟಿಟ್ಟು ಬಂದು ಹಾರ್ಮೋನಿಯಂ ಮುಂದೆ ಕುಳಿತವರು, ಶಾಲೆಯ ಗಂಟೆ ಬಾರಿಸಿದ ಮೇಲೆ ತಬಲಾದ ಗಟ್ಟಿ ಬಡಿಯುತ್ತ ಶ್ರುತಿ ಕೂಡಿಸಿದವರು, ಹೆಸರಿಲ್ಲದೆ ಹೋದವರು, ನಮ್ಮ ಎರಡೂ ಊರುಗಳಲ್ಲಿ ಎಷ್ಟು ಜನ! ನಾಫ್ಲರನೂ ಮೊದಲು ಪತ್ರಿಕೆಯ ವರದಿಗಾರನಾಗಿ, ಆಮೇಲೆ ಕಾಲೇಜಿನ ಅಧ್ಯಾಪಕನಾಗಿ ದುಡಿದವನು. ಈ ಹಾಡನ್ನು ಮೊದಲು ಬೇರೊಂದು ಗಿಟಾರಿನ ಮೇಲೆ ಕಟ್ಟಿದಾಗ ಅದು ಸಪ್ಪೆಯಾಗಿತ್ತಂತೆ. ವಾದ್ಯ ಬದಲಾಯಿಸಿದ ಕೂಡಲೆ ಜೀವ ಬಂದಿತೆಂದು ಅವನೇ ಹೇಳಿದ್ದಾನೆ. ಹಾಡಿನ ಕೊನೆಯಲ್ಲಿ ಗಿಟಾರಿಗೆಂದೇ ಒಂದು ಬಯಲಿದೆ. ಅಂದು ಆ ಬಯಲಿನಲ್ಲಿ ಆತ ಧ್ವನಿಮುದ್ರಿಕೆಯ ದಾರಿಯನ್ನು ಹಿಡಿಯಲಿಲ್ಲ. ಸಾವಧಾನವಾಗಿ, ಊಟವಾದ ಮೇಲೆ ಅಡ್ಡಾಡುವವನಂತೆ ನಡೆದ.

ನಮ್ಮ ಮನಸೂರರ ಮಾತನ್ನು ಇಲ್ಲಿ ಬಿಡಲಾರೆ, ಕಂಠದವರನ್ನು ಹಿಂದಿಡುತ್ತೇನೆಂದು ಹೇಳಿದ್ದರೂ. ಮೂವತ್ತರ ದಶಕದ ಅವರ ಗ್ರಾಮಫೋನ್ ತಟ್ಟೆಗಳಲ್ಲಿ ಒಂದು ಮಗ್ಗುಲಿಗೆ ಮೂರು ಮಿನಿಟು, ಹೆಚ್ಚೆಂದರೆ ಮೂರೂವರೆ. ತಾನುಗಳು ಬಾಣದಂತೆ ಹೋಗುತ್ತವೆ. 1992ರಲ್ಲಿ ಅವರು ತೀರಿಕೊಳ್ಳುವ ಮೊದಲಿನ ವರ್ಷಗಳಲ್ಲಿ ಕೇಳಿದವರಿಗೆ ಗೊತ್ತು, ಒಂದು ಚೀಜಿನ ಒಂದು ಶಬ್ದವನ್ನು ತಿರುತಿರುಗಿ ನೋಡುತ್ತ ಅವರು ಎಂಥ ಹೊತ್ತನ್ನು ಕಳೆಯುತ್ತಿದ್ದರೆಂಬುದು. ಉಸಿರು ಕಡಿಮೆಯಾಗಿತ್ತು, ಹಾಡು ಹೆಚ್ಚಾಗಿತ್ತು.

ಮಾಗದ ಹಾಡುಗಳೂ ಇವೆ, ಅವುಗಳ ಲೆಕ್ಕ ಬೇಗ ಮುಗಿಯುತ್ತದೆ. ವೇಗವೊಂದನ್ನೇ ನೆಚ್ಚಿದ ಝಾಲಾ, ಯಂತ್ರದ ಹೊಸ ಸದ್ದನ್ನು ತೋರಿಸಲೆಂದೇ ಹುಟ್ಟಿದ ಸಿನಿಮಾ ಪದ, ಬೆರಳಿನ ಕಸರತ್ತಿಗೆ ಬರೆದ ಗಿಟಾರಿನ ಓಟ. ಅವು ಬಂದ ದಿನ ಹೇಗಿದ್ದುವೋ ಹಾಗೆಯೇ ಉಳಿಯುತ್ತವೆ, ಮದುವೆಯ ಫೋಟೋದಲ್ಲಿನ ಕೋಟಿನ ಹಾಗೆ. ಒಳಗೆ ಮತ್ತೊಬ್ಬರಿಗೆ ಜಾಗವಿಲ್ಲ.

ಜಾಗವಿರುವ ಹಾಡು ನಮ್ಮ ನೆಲದಲ್ಲೇ ಇದೆ. ಹುಬ್ಬಳ್ಳಿಯಿಂದ ದೂರವಲ್ಲದ ಶಿಶುವಿನಹಾಳದ ಶರೀಫ ಸಾಹೇಬರು 1819ರಿಂದ 1889ರವರೆಗೆ ಬಾಳಿದರು. ಅವರ ಪದಗಳು ಏಕತಾರಿ, ದಮ್ಮಡಿ, ತಾಳಗಳೊಡನೆ ಭಜನೆಯ ಮೇಳಗಳಲ್ಲಿ ನೂರು ವರ್ಷ ನಡೆದುವು. ಸಿ. ಅಶ್ವತ್ಥರು ಕ್ಯಾಸೆಟ್ಟಿನ ಕಾಲದಲ್ಲಿ ಅವಕ್ಕೆ ಹೊಸ ಧಾಟಿ ಕೊಟ್ಟರು. ನಾಗಾಭರಣರ 1990ರ ಚಲನಚಿತ್ರ ಅವನ್ನು ನಾಡಿನ ಮೂಲೆಮೂಲೆಗೆ ಮುಟ್ಟಿಸಿತು. 2008ರಲ್ಲಿ ಬಂದ ತನ್ನ ಮೊದಲ ಸಂಕಲನದಲ್ಲಿ ರಘು ದೀಕ್ಷಿತ್ ಗುಡುಗುಡಿಯ ಪದವನ್ನೂ ಸೋರುವ ಮಾಳಿಗೆಯ ಪದವನ್ನೂ ಗಿಟಾರಿನ ಮೇಲೆ ನಿಲ್ಲಿಸಿದ. ಒಂದು ತಂತಿಯಿಂದ ಆರು ತಂತಿಗೆ ಬಂದರೂ ಪದ ಬಿರಿಯಲಿಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಕರಲು ಮಣ್ಣು ಹಾಕಿ ತುಳಿಯುವುದನ್ನು ಕಂಡವರು ಇಂದು ಕಡಿಮೆ. ಕಾಂಕ್ರೀಟಿನ ತಾರಸಿಯ ಕೆಳಗೆ ಹುಟ್ಟಿದ ಹುಡುಗರು ಆ ಸೋರುವಿಕೆಯನ್ನು ಕೈಯೆತ್ತಿ ಹಾಡುತ್ತಾರೆ. ಸೋರುತ್ತಿದ್ದುದು ಮಣ್ಣಿನ ಮಾಳಿಗೆಯಷ್ಟೇ ಆಗಿದ್ದರೆ ಇದು ಸಾಧ್ಯವಿತ್ತೆ?

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ ಹುಡುಗರು ಈ ಪದವನ್ನೇ ನುಡಿಸಿದರು. ಗಿಟಾರಿನ ಹುಡುಗ ಕಣ್ಣು ಮುಚ್ಚಿ, ತುಟಿ ಕಚ್ಚಿ, ತನಗೆ ಬರುವುದನ್ನೆಲ್ಲ ಸುರಿದ. ನನ್ನ ಪಕ್ಕದಲ್ಲಿ ಕುಂದಗೋಳದ ಕಡೆಯ ಒಬ್ಬ ವೃದ್ಧರು ಕುಳಿತಿದ್ದರು. ಮೊಮ್ಮಗಳ ನೃತ್ಯ ನೋಡಲು ಬಂದವರು, ಊರಿನ ಭಜನೆಯಲ್ಲಿ ಏಕತಾರಿ ಹಿಡಿಯುವವರು. ಹೇಗಿತ್ತು ಎಂದು ಕೇಳಿದೆ.

"ಪದ ಛಲೋ ಹಾಡಿದ್ರು" ಎಂದರು. "ಖರೆ, ನಾವು ಒಂದು ನುಡಿ ಆದ ಮ್ಯಾಲೆ ಸ್ವಲ್ಪ ನಿಂದ್ರತೀವ್ರಿ, ಕುಂತ ಮಂದಿಗೆ ಹೊಳೀಲಿ ಅಂತ. ಈ ಹುಡುಗ ನಿಂದ್ರಂಗೇ ಇಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ವಾದ್ಯಕ್ಕೆ ತಂತಿ ಎಷ್ಟೆಂದು ವಿಚಾರಿಸಿದರು. ಆರು ಎಂದೆ. ಅವನಿಗೆ ಬಿಡುವಿದ್ದರೆ ಬರುವ ಅಮಾವಾಸ್ಯೆಯ ಭಜನೆಗೆ ಕರೆದುಕೊಂಡು ಬರ್ರಿ, ಕರೆಂಟಿನ ವ್ಯವಸ್ಥೆ ನಾವು ಮಾಡುತ್ತೇವೆ ಎಂದರು.